ಖಾಲಿ ತೋಟೆ ಮನೆಯಲ್ಲೇ ತುಂಬಿಸಿದ್ರೆ ಲಾಭ ಉಂಟಾ? ಎಣ್ಮಕಜೆ ಕಡೆಯ ಒಂದು ಪ್ರಕರಣ

ವಿಷಯ ಇಷ್ಟು. ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಕರ್ನಾಟಕದ ಗಡಿಗೆ ತಾಗಿಕೊಂಡ ಹಾಗೆ ಒಬ್ಬರು ಕೃಷಿಕರಿದ್ದಾರೆ, ಲೈಸೆನ್ಸ್ ಇರುವ ಜೋಡು ನಳಿಗೆ ಕೋವಿ ಉಂಟು, ಅಡಿಕೆ ತೋಟಕ್ಕೂ ಬಾಳೆಗೂ ಕಾಡುಹಂದಿ ಬರ್ತದೆ, ತೋಟೆ (ಕೋವಿಗೆ ಹಾಕುವ ಕಾಟ್ರಿಜ್) ರೇಟು ವರ್ಷ ವರ್ಷ ಏರ್ತದೆ, ಹಾಗಾದ್ರೆ ಈಡು ಹೊಡೆದು ಉಳಿದ ಖಾಲಿ ತೋಟೆಯನ್ನು ಮನೆಯಲ್ಲೇ ಪುನಃ ತುಂಬಿಸಿದ್ರೆ ಆಗ್ಲಿಕ್ಕಿಲ್ವಾ ಅಂತ ಅವರ ಪ್ರಶ್ನೆ. ಹೆಸರು ಹಾಕ್ಬೇಡಿ ಮಾಸ್ಟ್ರೇ ಅಂದಿದ್ದಾರೆ, ಹಾಗಾಗಿ ರೈಗಳು ಅಂತ ಮಾತ್ರ ಬರೀತೇನೆ. ನಾನು ರಿಟೈರ್ ಆದ ಮೇಲೆ ಊರಿನವರಿಗೆ ಅರ್ಜಿ ಬರೆದು ಕೊಡುವ ಕೆಲಸ ಮಾಡಿಕೊಂಡಿದ್ದೇನೆ, ಫಾರಂ ಎಲ್ಲ ಮಲಯಾಳದಲ್ಲಿ ಇರ್ತದಲ್ಲ, ಕನ್ನಡ ಮಾತ್ರ ಕಲಿತವರಿಗೆ ಕಷ್ಟ. ಅವರ ಲೈಸೆನ್ಸ್ ರಿನ್ಯೂವಲ್ ಕಾಗದ ನೋಡುವಾಗಲೇ ಈ ಮಾತು ಬಂದದ್ದು. ಕೇಳಿದವರು ಇವರೊಬ್ಬರೇ ಅಲ್ಲ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಕೋವಿ ಇರುವವರು ಇದನ್ನು ಮಾತಾಡ್ತಾರೆ, ಅದಕ್ಕೇ ಪೂರ್ತಿ ಲೆಕ್ಕ ಹಾಕಿ ಬರೆದಿಡುವಾ ಅಂತ ಕಂಡಿತು.

ಆಧಾರ ಯಾವುದು ಅಂದ್ರೆ ರೈಗಳ ಲೈಸೆನ್ಸ್ ಪುಸ್ತಕದಲ್ಲಿ ಡೀಲರ್ ಬರೆದ ಖರೀದಿ, ರೈಗಳೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟ ಈಡಿನ ಲೆಕ್ಕ (ಈ ಅಭ್ಯಾಸ ಅವರ ತಂದೆಯಿಂದ ಬಂದದ್ದು, ತುಂಬ ಉಪಕಾರ ಆಯ್ತು), ಮತ್ತೆ ಅವರ ಅಳಿಯ ಕಳಿಸಿದ ಖರ್ಚಿನ ಪಟ್ಟಿ. ಅಳಿಯ ಅಂದ್ರೆ ತಂಗಿಯ ಮಗ, ಅಮೇರಿಕದ ಪೆನ್ಸಿಲ್ವೇನಿಯದಲ್ಲಿ ಇರುವವನು. ಇಡೀ ಆಸೆ ಹುಟ್ಟಿದ್ದು ಅವನಿಂದಲೇ. ಫೋನಿನಲ್ಲಿ ವಿಡಿಯೋ ಹಾಕಿ, ನೋಡಿ ಮಾವ, ನಾನು ಗ್ಯಾರೇಜಿನಲ್ಲಿ ಕೂತು ಗಂಟೆಗೆ ನೂರರ ಮೇಲೆ ತೋಟೆ ತುಂಬಿಸ್ತೇನೆ, ಮುಂದಿನ ಸಲ ಬರುವಾಗ ನಿಮಗೊಂದು ಪ್ರೆಸ್ ತರ್ಲಾ ಅಂತ ಕೇಳಿದ್ದಾನೆ. ಮಾವನಿಗೆ ಆಸೆ ಆಗದೆ ಇರ್ತದಾ.

ಮೊದಲು ಅವನು ಅಲ್ಲಿ ಮಾಡುವುದು ಏನು ಅಂತ ಹೇಳ್ತೇನೆ. ಒಂದು ತೋಟೆಯಲ್ಲಿ ಐದು ವಸ್ತು. ಹೊರಗಿನ ಕೇಸು, ಅದರ ತಳದಲ್ಲಿ ಕಿಡಿ ಕೊಡುವ ಪ್ರೈಮರ್ (ನಮ್ಮವರು ಕೇಪು ಅನ್ನುವುದು), ಅದರ ಮೇಲೆ ಸಿಡಿಯುವ ಮದ್ದು, ಮದ್ದಿನ ಮೇಲೆ ವ್ಯಾಡ್ ಅನ್ನುವ ಸಣ್ಣ ಬಟ್ಟಲು, ಅದರೊಳಗೆ ಚರೆ, ಅಂದ್ರೆ ಸೀಸದ ಸಣ್ಣ ಗುಂಡುಗಳು. ಈಡು ಹೊಡೆದ ಮೇಲೆ ಕೇಸು ಮಾತ್ರ ಪುನಃ ಉಪಯೋಗಕ್ಕೆ ಬರ್ತದೆ, ಬಾಕಿ ನಾಲ್ಕೂ ಹೊಸತೇ ಬೇಕು. ಪ್ಲಾಸ್ಟಿಕ್ ಕೇಸು ಬಾಯಿ ಸೀಳುವವರೆಗೆ ಕೆಲವು ಸಲ ಬರ್ತದೆ, ರೈಫಲಿನ ಹಿತ್ತಾಳೆ ಕೇಸೂ ಹಾಗೆಯೇ. ಪ್ರೆಸ್ ಅಂದ್ರೆ ಒಂದು ಹಿಡಿಕೆ ಇರುವ ಸಣ್ಣ ಯಂತ್ರ, ಹಳೇ ಪ್ರೈಮರ್ ತೆಗೆದು ಹೊಸತು ಕೂರಿಸ್ತದೆ, ಮದ್ದು ಮತ್ತು ಚರೆ ಅಳತೆಯಲ್ಲಿ ಹಾಕ್ತದೆ, ಬಾಯಿ ಮಡಚಿ ಮುಚ್ತದೆ. ಅಮೇರಿಕದಲ್ಲಿ ಇದು ಸಾಮಾನ್ಯ ಹವ್ಯಾಸ, ಅಂಗಡಿಯಲ್ಲಿ ಎಲ್ಲ ಸಾಮಾನು ಸಿಗ್ತದೆ, ಸ್ವಂತ ಬಳಕೆಗೆ ತುಂಬಿಸ್ಲಿಕ್ಕೆ ಲೈಸೆನ್ಸ್ ಬೇಡ.

ಈಗ ಅವನ ಪಟ್ಟಿ. 12 ಬೋರಿನ (ನಳಿಗೆಯ ಅಗಲದ ಅಳತೆ, ಅಮೇರಿಕದಲ್ಲಿ ಗೇಜ್ ಅನ್ನುವುದು) ಟಾರ್ಗೆಟ್ ತೋಟೆಗೆ 25 ಪೌಂಡಿನ ಸೀಸದ ಚರೆ ಚೀಲ 50 ಡಾಲರ್, ಒಂದು ತೋಟೆಗೆ ಒಂದೂ ಎಂಟನೇ ಒಂದು ಔನ್ಸ್ ಅಂತ ಹಾಕಿದ್ರೆ ಚೀಲದಲ್ಲಿ 355 ತೋಟೆ, ಅಂದ್ರೆ ತೋಟೆಗೆ 14 ಸೆಂಟ್. ಪ್ರೈಮರ್ ಸಾವಿರಕ್ಕೆ 80 ಡಾಲರ್, ತೋಟೆಗೆ 8 ಸೆಂಟ್. ಮದ್ದು ಪೌಂಡಿಗೆ 30 ಡಾಲರ್, ಒಂದು ಪೌಂಡಿನಲ್ಲಿ ಅವನಿಗೆ ಮುನ್ನೂರೈವತ್ತರ ಹತ್ತಿರ ತೋಟೆ ಆಗ್ತದೆ, 9 ಸೆಂಟ್ ಅಂತ ಹಿಡೀರಿ. ವ್ಯಾಡ್ 3 ಸೆಂಟ್. ಒಟ್ಟು 34 ಸೆಂಟ್. ಅದೇ ಥರದ ತೋಟೆ ಅಂಗಡಿಯಲ್ಲಿ 25ರ ಪೆಟ್ಟಿಗೆಗೆ 9 ಡಾಲರ್, ಅಂದ್ರೆ 36 ಸೆಂಟ್. ಉಳಿತಾಯ ಎರಡೇ ಸೆಂಟ್! ಪ್ರೆಸ್ಸಿಗೆ 250 ಡಾಲರ್ ಕೊಟ್ಟಿದ್ದಾನೆ, ಆ ದುಡ್ಡು ವಾಪಸ್ ಬರ್ಬೇಕಾದ್ರೆ 12,500 ತೋಟೆ ತುಂಬಿಸ್ಬೇಕು, ಅವನ ಗಂಟೆಗಳಿಗೆ ಬೆಲೆ ಹಾಕದೆ. ಈ ಲೆಕ್ಕ ನಾನು ಕಾಗದದಲ್ಲಿ ಬರೆದು ರೈಗಳಿಗೆ ತೋರಿಸಿದಾಗ ಅವರಿಗೆ ನಂಬಿಕೆ ಬರ್ಲಿಲ್ಲ, ಅಳಿಯನಿಗೇ ಫೋನ್ ಹಚ್ಚಿದ್ರು. ಅವನು ಪ್ರಾಮಾಣಿಕ ಹುಡುಗ, ಹೌದು ಮಾವ, 12 ಬೋರಿನಲ್ಲಿ ನನಗೆ ದೊಡ್ಡ ಉಳಿತಾಯ ಏನೂ ಇಲ್ಲ ಅಂತ ಒಪ್ಪಿಕೊಂಡ.

ಹಾಗಾದ್ರೆ ಅವನು ಯಾಕೆ ಮಾಡ್ತಾನೆ? ಅವನ ಹತ್ತಿರ 28 ಗೇಜಿನ ಸಣ್ಣ ಕೋವಿಯೂ ಉಂಟು, ಅದರ ತೋಟೆ ಅಂಗಡಿಯಲ್ಲಿ ದುಬಾರಿ, ಆದ್ರೆ ಒಳಗೆ ಹೋಗುವ ಚರೆ ಮದ್ದು 12ಕ್ಕಿಂತ ಕಡಿಮೆ, ಆದ್ದರಿಂದ ಮನೆಯಲ್ಲಿ ತುಂಬಿಸಿದ್ರೆ ಅರ್ಧಕ್ಕಿಂತ ಕಮ್ಮಿಗೆ ಆಗ್ತದೆ. ಜಿಂಕೆ ಬೇಟೆಯ ರೈಫಲಿನ ಗುಂಡಿನಲ್ಲೂ ಅರ್ಧದ ಹತ್ತಿರ ಉಳೀತದೆ, ಯಾಕಂದ್ರೆ ಅಲ್ಲಿ ಬೆಲೆ ಇರುವುದು ಹಿತ್ತಾಳೆ ಕೇಸಿಗೆ, ಅದನ್ನು ಅವನು ಪುನಃ ಪುನಃ ಉಪಯೋಗಿಸ್ತಾನೆ. ಮತ್ತೆ ದೂರದ ಗುರಿಗೆ ಹೊಡೆಯುವವರು ತಮ್ಮ ರೈಫಲಿಗೆ ಯಾವ ಗುಂಡು, ಎಷ್ಟು ಮದ್ದು ಸರಿ ಕೂತ್ಕೊಳ್ತದೆ ಅಂತ ಹುಡುಕಿ ಹುಡುಕಿ ತುಂಬಿಸ್ತಾರೆ, ಅದು ದುಡ್ಡಿನ ವಿಷಯವೇ ಅಲ್ಲ. 2020ರಲ್ಲಿ ಅಲ್ಲಿ ಅಂಗಡಿಗಳಲ್ಲಿ ತೋಟೆಯೇ ಸಿಗದ ಹಾಗೆ ಆಯ್ತು, ಪ್ರೈಮರ್ ಕೂಡ ಕಾಣೆ, ಸಿಕ್ಕಿದ್ರೂ ರೇಟು ಎರಡು ಪಟ್ಟು ಮೂರು ಪಟ್ಟು. ಮೊದಲೇ ಸಾಮಾನು ತೆಗೆದಿಟ್ಟವರು ಆಗ ಬಚಾವಾದ್ರು. ಆದ್ರೆ ಅಳಿಯ ಹೇಳಿದ ಒಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ ಕಂಡಿತು, ತುಂಬಿಸ್ಲಿಕ್ಕೆ ಶುರು ಮಾಡಿದ ಮೇಲೆ ತಿಂಗಳ ಖರ್ಚು ಕಡಿಮೆ ಆಗ್ಲಿಲ್ಲ, ಅಷ್ಟೇ ಖರ್ಚಿನಲ್ಲಿ ಹೆಚ್ಚು ಈಡು ಹೊಡೀತಾ ಇದ್ದೇನೆ ಅಂತ. ಕ್ಲಬ್ಬಿಗೆ ಹೋಗಿ ವರ್ಷಕ್ಕೆ ಸಾವಿರಾರು ಹೊಡೆಯುವವನಿಗೆ ಅದು ಸಂತೋಷದ ವಿಷಯ. ಎಣ್ಮಕಜೆಯಲ್ಲಿ ಹಂದಿ ಓಡಿಸುವವರಿಗೆ ಹೆಚ್ಚು ಈಡು ಯಾಕೆ ಬೇಕು?

ಇನ್ನು ಇಲ್ಲಿಗೆ ಬರುವಾ. ರೈಗಳು ಕಳೆದ ವರ್ಷ ಉಪಯೋಗಿಸಿದ್ದು 20 ತೋಟೆ. ಇಲ್ಲಿ ಸಿಗುವುದು ಹೆಚ್ಚಾಗಿ ಪುಣೆ ಹತ್ತಿರದ ಖಡ್ಕಿ ಫ್ಯಾಕ್ಟರಿಯ ಶಕ್ತಿಮಾನ್ ಹೆಸರಿನ ತೋಟೆ. ಬ್ರಿಟಿಷರ ಕಾಲದ, 1869ರ ಫ್ಯಾಕ್ಟರಿ ಅದು, 2021ರ ಅಕ್ಟೋಬರಿನಿಂದ ಮ್ಯುನಿಷನ್ಸ್ ಇಂಡಿಯಾ ಅನ್ನುವ ಸರಕಾರಿ ಕಂಪೆನಿಯ ಕೈಯಲ್ಲಿ ಉಂಟು. ರೇಟು ಡೀಲರ್‌ನಿಂದ ಡೀಲರ್‌ಗೆ ಬೇರೆ, ಲೆಕ್ಕಕ್ಕೆ ಒಂದಕ್ಕೆ 150 ರೂಪಾಯಿ ಅಂತ ಹಿಡಿಯುವಾ. ವರ್ಷಕ್ಕೆ 3000. ಮನೆಯಲ್ಲಿ ತುಂಬಿಸಿ ಅರ್ಧ ಉಳಿಸಿದ್ರು ಅಂತಲೇ ಇಟ್ಕೊಳ್ಳಿ, 1500 ರೂಪಾಯಿ. ಅಳಿಯನ ಪ್ರೆಸ್ಸಿಗೆ ಡಾಲರಿಗೆ 85ರ ಲೆಕ್ಕದಲ್ಲಿ 21,250 ರೂಪಾಯಿ ಆಗ್ತದೆ, ಅದು ತೀರ್ಲಿಕ್ಕೆ ಹದಿನಾಲ್ಕು ವರ್ಷ ಬೇಕು. ರೈಗಳಿಗೆ ಈಗ ಅರುವತ್ತೆಂಟು. ಅಷ್ಟೇ ಅಲ್ಲ, ಪ್ರೈಮರ್ ಅಲ್ಲಿ ಸಾವಿರದ ಲೆಕ್ಕದಲ್ಲಿ ತೆಗೆದ್ರೇ ಆ ರೇಟು, ವರ್ಷಕ್ಕೆ 20 ಹೊಡೆಯುವ ಮನುಷ್ಯನಿಗೆ ಸಾವಿರ ಪ್ರೈಮರ್ ಐವತ್ತು ವರ್ಷಕ್ಕೆ ಆಗ್ತದೆ. ಕಾನೂನಿನ ಮಾತು ಎತ್ತುವ ಮೊದಲೇ, ಬರೀ ದುಡ್ಡಿನಲ್ಲೇ, ಈ ಯೋಚನೆ ನಿಲ್ಲುವುದಿಲ್ಲ.

ಆದ್ರೆ ಕಾನೂನಿನ ಮಾತು ಎತ್ಲೇ ಬೇಕು. ನಮ್ಮವರಲ್ಲಿ ಒಂದು ನಂಬಿಕೆ ಉಂಟು, ಕೋವಿಗೆ ಲೈಸೆನ್ಸ್ ಇದ್ರೆ ಅದಕ್ಕೆ ಸಂಬಂಧಪಟ್ಟದ್ದೆಲ್ಲ ಮಾಡ್ಬಹುದು ಅಂತ. ಹಾಗಿಲ್ಲ. 1959ರ ಆರ್ಮ್ಸ್ ಆಕ್ಟಿನಲ್ಲಿ ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಮದ್ದುಗುಂಡು ತಯಾರಿಸುವ ಲೈಸೆನ್ಸ್ ಬೇರೆ. ಇಟ್ಟುಕೊಳ್ಳುವುದು ಸೆಕ್ಷನ್ 3, ತಯಾರಿಸುವುದು ಮಾರುವುದು ಸೆಕ್ಷನ್ 5. ತೋಟೆ ತುಂಬಿಸುವುದು ತಯಾರಿಕೆಯ ಕಡೆಗೇ ಹೋಗ್ತದೆ. ಮತ್ತೆ ಅದೇ ಕಾಯ್ದೆಯ ಸೆಕ್ಷನ್ 2ರಲ್ಲಿ ಮದ್ದುಗುಂಡು ಅಂದ್ರೆ ಏನು ಅಂತ ಹೇಳಿದ ಕಡೆ ತುಂಬಿದ ತೋಟೆ ಮಾತ್ರ ಇಲ್ಲ, ಅದರ ಬಿಡಿ ಭಾಗಗಳು, ಅದನ್ನು ತಯಾರಿಸುವ ಯಂತ್ರ ಕೂಡ ಸೇರ್ತದೆ. ಅಂದ್ರೆ ಅಳಿಯ ತರ್ತೇನೆ ಅಂದ ಪ್ರೆಸ್ ಪೊಲೀಸರ ಕಣ್ಣಿಗೆ ಹಿಟ್ಟಿನ ಗಿರಣಿಯ ಥರದ ಒಂದು ಯಂತ್ರ ಅಲ್ಲ, ಅದೇ ಒಂದು ಪೊಲೀಸ್ ಮೊಕದ್ದಮೆ ಆಗ್ಬಹುದು. ಸೆಕ್ಷನ್ 5 ಮೀರಿದ್ರೆ ಶಿಕ್ಷೆ ಸೆಕ್ಷನ್ 25ರಲ್ಲಿ, 2019ರ ತಿದ್ದುಪಡಿ ಆದ ಮೇಲೆ ಕಡಿಮೆ ಅಂದ್ರೆ ಏಳು ವರ್ಷ, ಹೆಚ್ಚೆಂದ್ರೆ ಜೀವಾವಧಿ, ಜೊತೆಗೆ ದಂಡ. ಮೊದಲು ಮೂರರಿಂದ ಏಳು ವರ್ಷ ಇತ್ತು, ಹಳೇ ಕಾಲದ ಧೈರ್ಯದಲ್ಲಿ ಮಾತಾಡುವವರು ಈ ಬದಲಾವಣೆ ಗಮನಿಸಿಲ್ಲ. ವರ್ಷಕ್ಕೆ ಸಾವಿರದ ಐನೂರು ರೂಪಾಯಿ ಉಳಿಸ್ಲಿಕ್ಕೆ ಹೋಗಿ ಏಳು ವರ್ಷ! ಇದನ್ನು ಓದಿ ಹೇಳಿದಾಗ ರೈಗಳ ಹೆಂಡತಿ ಒಳಗಿನಿಂದ ಬಂದು, ಆ ಖಾಲಿ ತೋಟೆ ಎಲ್ಲ ಮೊದಲು ಮನೆಯಿಂದ ಹೊರಗೆ ಹಾಕಿ ಅಂದ್ರು.

ತರುವ ದಾರಿಯೂ ಇಲ್ಲ. ವಿಮಾನದಲ್ಲಿ ಬಿಡಿ ಮದ್ದನ್ನಾಗಲಿ ಪ್ರೈಮರನ್ನಾಗಲಿ ಕೈಚೀಲದಲ್ಲೂ ಹಾಕುವ ಹಾಗಿಲ್ಲ, ಚೆಕ್‌ಇನ್ ಪೆಟ್ಟಿಗೆಯಲ್ಲೂ ಹಾಕುವ ಹಾಗಿಲ್ಲ. ಪ್ರೆಸ್ ಒಂದೇ ತಂದ್ರೂ ಆರ್ಮ್ಸ್ ಆಕ್ಟಿನ ಸೆಕ್ಷನ್ 10 ಆಮದಿನ ಬಗ್ಗೆ ಉಂಟು, ಕಸ್ಟಮ್ಸ್‌ನವರು ಕೇಳಿದ್ರೆ ಪಾಪ ಆ ಹುಡುಗನ ಕೆಲಸ, ವೀಸಾ ಎಲ್ಲ ತೊಂದರೆಗೆ ಬೀಳ್ತದೆ. ಮದ್ದು ಇಟ್ಟುಕೊಳ್ಳುವ ವಿಷಯಕ್ಕೆ 1884ರ ಎಕ್ಸ್‌ಪ್ಲೋಸಿವ್ಸ್ ಆಕ್ಟ್, ಅದರ ಕೆಳಗೆ 2008ರ ರೂಲ್ಸ್, ಅದು ಬೇರೆ.

ಇಷ್ಟು ಹೇಳಿದ ಮೇಲೆ ಪ್ರೆಸ್ಸಿನ ಮಾತು ನಿಂತಿತು. ಆದ್ರೆ ನಿಜವಾದ ಅಪಾಯ ಪ್ರೆಸ್ಸಿನಲ್ಲಿ ಇರ್ಲೇ ಇಲ್ಲ. ಖಾಲಿ ಕೇಸು ಕೊಡಿ, ನಾನು ತುಂಬಿಸಿ ಕೊಡ್ತೇನೆ, ಅಂಗಡಿ ರೇಟಿನ ಕಾಲಂಶ ಸಾಕು ಅಂತ ಹೇಳುವ ಜನ ಗಡಿಯ ಎರಡೂ ಕಡೆ ಇದ್ದಾರೆ, ರೈಗಳಿಗೂ ಒಬ್ಬ ಹಾಗೆ ಹೇಳಿದ್ದಾನೆ. ಅವನು ಯಾರು ಎಂಥ ಅಂತ ನಾನು ಕೇಳ್ಲಿಲ್ಲ, ಬೇಡ. ರೈಗಳ ವಾದ ಇದು: ನಮ್ಮ ಅಜ್ಜನ ಕಾಲದಲ್ಲಿ ಕೇಪಿನ ಕೋವಿ (ನಳಿಗೆಯ ಬಾಯಿಯಿಂದ ತುಂಬಿಸುವುದು) ಇತ್ತು ಮಾಸ್ಟ್ರೇ, ಪ್ರತಿ ಈಡನ್ನೂ ಮನೆಯಲ್ಲೇ ತುಂಬಿಸಿದ್ದು, ಮದ್ದು ಹಾಕಿ, ತೆಂಗಿನ ನಾರು ತುರುಕಿ, ಚರೆ ಹಾಕಿ, ಗಜದ ಕೋಲಿನಲ್ಲಿ ಒತ್ತಿ ಕೂರಿಸಿ, ಯಾರಿಗೆ ಏನಾಯ್ತು? ಈ ಮಾತಿಗೆ ಸರಿಯಾದ ಉತ್ತರ ಕೊಡ್ಲೇಬೇಕು, ಯಾಕಂದ್ರೆ ಕೇಳ್ಲಿಕ್ಕೆ ನ್ಯಾಯವಾಗಿಯೇ ಕಾಣ್ತದೆ.

ಕೇಪಿನ ಕೋವಿಗೆ ಹಾಕಿದ್ದು ಕರಿ ಮದ್ದು. ಅದು ಹೊಗೆ ಹೆಚ್ಚು ಮಾಡ್ತದೆ, ನಳಿಗೆಯೊಳಗೆ ಮಸಿ ಕಟ್ತದೆ, ಆದ್ರೆ ಬಲ ಕಡಿಮೆ, ಅಳತೆ ಸ್ವಲ್ಪ ಆಚೆ ಈಚೆ ಆದ್ರೂ ಕೋವಿ ತಡ್ಕೊಳ್ತಿತ್ತು, ಅದರಲ್ಲೂ ಕೈ ಬೆರಳು ಕಳ್ಕೊಂಡವರು ಊರಿಗೊಬ್ಬರು ಇದ್ದರು ಅಂತ ರೈಗಳೇ ಆಮೇಲೆ ನೆನಪಿಸಿಕೊಂಡ್ರು. ಈಗಿನ ತೋಟೆಯೊಳಗೆ ಇರುವುದು ಹೊಗೆ ಇಲ್ಲದ ಮದ್ದು. ಅಳತೆಯ ಒಂದು ಚಿಟಿಕೆಯಲ್ಲಿ ಎಷ್ಟೋ ಪಟ್ಟು ಬಲ. 12 ಬೋರಿಗೆ ಅಮೇರಿಕದ ಸ್ಟ್ಯಾಂಡರ್ಡ್ ಪ್ರಕಾರ ಒತ್ತಡದ ಮೇಲಿನ ಮಿತಿ 11,500 ಪಿಎಸ್‌ಐ (ಚದರ ಇಂಚಿಗೆ ಅಷ್ಟು ಪೌಂಡ್), ಜಿಂಕೆ ಬೇಟೆಯ ಕೆಲವು ರೈಫಲುಗಳಲ್ಲಿ ಅರುವತ್ತು ಸಾವಿರ ದಾಟ್ತದೆ. ಅಂದ್ರೆ ನಮ್ಮ ಕೋವಿಯ ನಳಿಗೆ ತೆಳು, ಅದಕ್ಕೆ ತಕ್ಕ ಕಡಿಮೆ ಒತ್ತಡಕ್ಕೆ ಮಾಡಿದ್ದು, ತಪ್ಪಿದ್ರೆ ತಡ್ಕೊಳ್ಳುವ ಶಕ್ತಿ ಅದಕ್ಕೆ ಇಲ್ಲ. ತುಂಬಿಸುವಾಗ ಒಂದೇ ತೋಟೆಗೆ ಎರಡು ಸಲ ಮದ್ದು ಬಿದ್ದ್ರೆ ನಳಿಗೆ ಒಡೀಬಹುದು. ಕಡಿಮೆ ಬಿದ್ದ್ರೆ ವ್ಯಾಡ್ ನಳಿಗೆಯೊಳಗೇ ಸಿಕ್ಕಿಕೊಂಡು ಮುಂದಿನ ಈಡಿಗೆ ನಳಿಗೆ ಒಡೀಬಹುದು, ರಾತ್ರಿ ಹಂದಿ ಎದುರಿಗೆ ಇರುವಾಗ ಯಾರು ನಳಿಗೆ ಬಗ್ಗಿಸಿ ನೋಡ್ತಾರೆ? ಎಡಗೈ ಇರುವುದು ಸರಿಯಾಗಿ ಅದೇ ಜಾಗದಲ್ಲಿ.

ಅಳಿಯ ಅಲ್ಲಿ ಸುರಕ್ಷಿತವಾಗಿ ಮಾಡ್ತಾನಲ್ಲ ಅಂದ್ರೆ, ಅವನು ಸ್ವಂತ ಬುದ್ಧಿಯಿಂದ ಅಳತೆ ಹಾಕುವುದಿಲ್ಲ, ಅದೇ ಗುಟ್ಟು. ಮದ್ದು ತಯಾರಿಸುವ ಕಂಪೆನಿಯವರು ಲ್ಯಾಬಿನಲ್ಲಿ ಒತ್ತಡ ಅಳೆದು ಪುಸ್ತಕ ಪ್ರಿಂಟ್ ಮಾಡ್ತಾರೆ, ಇಂಥ ಕೇಸಿಗೆ ಇಂಥ ಪ್ರೈಮರ್, ಇಂಥ ಮದ್ದು ಇಷ್ಟೇ, ಇಂಥ ವ್ಯಾಡ್, ಇಷ್ಟು ಚರೆ ಅಂತ. ಒಂದನ್ನೂ ಬದಲಾಯಿಸುವ ಹಾಗಿಲ್ಲ, ಪ್ರೈಮರಿನ ಕಂಪೆನಿ ಬೇರೆ ಮಾಡಿದ್ರೂ ಒತ್ತಡ ಏರ್ಬಹುದು. ರೈಫಲಿನಲ್ಲಾದ್ರೆ ಒತ್ತಡ ಜಾಸ್ತಿ ಆದ್ರೆ ಹಿತ್ತಾಳೆ ಕೇಸಿನಲ್ಲಿ, ಪ್ರೈಮರಿನಲ್ಲಿ ಸ್ವಲ್ಪ ಸೂಚನೆ ಕಾಣ್ತದೆ, ಪ್ಲಾಸ್ಟಿಕ್ ತೋಟೆಯಲ್ಲಿ ಅದೂ ನಂಬುವ ಹಾಗೆ ಕಾಣುವುದಿಲ್ಲ, ಮೊದಲ ಸೂಚನೆಯೇ ಒಡೆದ ಕೋವಿ ಆಗ್ಬಹುದು. ಈಗ ಹೇಳಿ, ಇಲ್ಲಿ ತುಂಬಿಸಿ ಕೊಡುವವನ ಹತ್ತಿರ ಆ ಪುಸ್ತಕ ಉಂಟಾ, ಅದರಲ್ಲಿ ಹೇಳಿದ ಮದ್ದು ಉಂಟಾ, ವ್ಯಾಡ್ ಉಂಟಾ? ಅವನು ಹಾಕುವ ಮದ್ದು ಎಲ್ಲಿಂದ ಬಂತು ಅಂತ ಅವನಿಗೇ ಗೊತ್ತಿರ್ಲಿಕ್ಕಿಲ್ಲ. ಕಾನೂನು ನಾಳೆ ಸಡಿಲ ಆದ್ರೂ, ಸಾಮಾನು ಮತ್ತು ಪುಸ್ತಕ ಬಾರದೆ ನಾನು ಈ ಕೆಲಸಕ್ಕೆ ಒಪ್ಪುವುದಿಲ್ಲ, ರೈಗಳಿಗೂ ಅದನ್ನೇ ಹೇಳಿದೆ.

ಇಲ್ಲಿ ಇನ್ನೊಂದು ವಿಷಯ ಗೊತ್ತಾಯ್ತು. ರೈಗಳ ಕೋವಿ ಅವರ ಮಾವನ ಕಾಲದ್ದು, ಹಳೇ ಕೋವಿಗಳಲ್ಲಿ ಎಷ್ಟೋ ಎರಡೂವರೆ ಇಂಚಿನ ಚೇಂಬರ್ (ತೋಟೆ ಕೂರುವ ಜಾಗ), ಅಂದ್ರೆ 65 ಮಿಲಿಮೀಟರ್. ಈಗ ಹೆಚ್ಚಾಗಿ ಸಿಗುವ ತೋಟೆ 70 ಮಿಲಿಮೀಟರ್, ಎರಡೂ ಮುಕ್ಕಾಲು ಇಂಚು. ಉದ್ದ ಬರೆದಿರುವುದು ಬಾಯಿ ಬಿಚ್ಚಿದ ಮೇಲಿನ ಉದ್ದ, ಹಾಗಾಗಿ ಉದ್ದದ ತೋಟೆಯೂ ಮಡಚಿದ ಬಾಯಿ ಇರುವಾಗ ಒಳಗೆ ಸಲೀಸಾಗಿ ಹೋಗ್ತದೆ, ಈಡು ಹೊಡೆದಾಗ ಬಾಯಿ ಬಿಚ್ಚಿಕೊಂಡು ಚೇಂಬರಿನ ಮುಂದಿನ ಇಕ್ಕಟ್ಟಿಗೆ ಬಂದು ಒತ್ತಡ ಏರಿಸ್ತದೆ. ಒಳಗೆ ಹೋಯ್ತಲ್ಲ ಅಂತ ಜನ ಸರಿ ಅಂದುಕೊಳ್ತಾರೆ. ನಳಿಗೆಯ ಕೆಳಗೆ ಪ್ರೂಫ್ ಗುರುತಿನ (ಪರೀಕ್ಷೆ ಆದದ್ದಕ್ಕೆ ಒತ್ತುವ ಮುದ್ರೆ) ಹತ್ತಿರ ಈ ಅಳತೆ ಕೆತ್ತಿರ್ತದೆ, ರೈಗಳು ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ತೋರಿಸಿದ್ರು, ಅವರದ್ದು 70 ಅಂತಲೇ ಇತ್ತು, ಸಮಾಧಾನ ಆಯ್ತು. ಹಳೇ ಕೋವಿ ಇರುವ ಎಲ್ಲರೂ ಇದನ್ನು ಒಮ್ಮೆ ನೋಡಿಸ್ಬೇಕು, ತುಂಬಿಸುವವರು ಮಾತ್ರ ಅಲ್ಲ.

ಈಗ ನನಗೆ ಹೆಚ್ಚು ಮುಖ್ಯ ಕಂಡ ಭಾಗ. ಆ 20 ತೋಟೆ ಎಲ್ಲಿ ಹೋಯ್ತು ಅಂತ ಕ್ಯಾಲೆಂಡರ್ ಹಿಡ್ಕೊಂಡು ಕೂತು ನೋಡಿದೆವು. 6 ತೋಟೆ ಹೊಡೆಯಲೇ ಇಲ್ಲ, ಕುದುರೆ (ಕೋವಿಯ ಬಡಿಯುವ ಭಾಗ) ಬಿತ್ತು, ಟಕ್ ಅಂತ ಸದ್ದು ಬಂತು, ಅಷ್ಟೇ. 11 ತೋಟೆ ಬರೀ ಸದ್ದಿಗೆ, ಹಂದಿ ಹೆದರ್ಲಿ ಅಂತ. ಪಂಚಾಯತಿನ ಆರ್ಡರ್ ಸಿಕ್ಕಿದ ಮೇಲೆ ಹಂದಿಗೆ ಅಂತ ಹೊಡೆದದ್ದು 3. ಅಂದ್ರೆ ಎಲ್‌ಜಿ (ದೊಡ್ಡ ಚರೆಯ) ತೋಟೆಯ ಅಗತ್ಯ ನಿಜವಾಗಿ ಇದ್ದದ್ದು ಮೂರು ಈಡಿಗೆ!

ಹೊಡೆಯದ ಆರು ಯಾಕೆ ಕೆಟ್ಟಿತು? ರೈಗಳು ತೋಟೆ ಇಡುತ್ತಿದ್ದದ್ದು ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ, ಬೆಚ್ಚಗೆ ಇರ್ಲಿ ಅಂತ. ಹಗಲು ಬಿಸಿ, ರಾತ್ರಿ ತಂಪು, ಕಾಸರಗೋಡಿನ ಮಳೆ ಅಂದ್ರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಮೇಲೆ, ಆ ಹಬೆ ಎಲ್ಲ ತಳದ ಹಿತ್ತಾಳೆಗೆ ಕೂತು ಹಸಿರು ಕಿಲುಬು ಹಿಡಿದಿತ್ತು. ಕಿಲುಬು ಹೋಗ್ಲಿ ಅಂತ ಅವರು ಕೋವಿಗೆ ಹಾಕುವ ಎಣ್ಣೆಯಲ್ಲೇ ತೋಟೆಯನ್ನೂ ಒರೆಸ್ತಿದ್ರು. ಆ ತೆಳು ಎಣ್ಣೆ ಕೇಪಿನ ಸಂದಿಯಲ್ಲಿ ಒಳಗೆ ಇಳಿದ್ರೆ ಕೇಪಿನ ಮದ್ದು ಸತ್ತೇ ಹೋಗ್ಬಹುದು. ಮತ್ತೆ ಹೊಸತು ತಂದ್ರೆ ಮೇಲಿನಿಂದ ಹೊಸತೇ ತೆಗೆಯುವುದು, ಹಳತು ಅಡಿಯಲ್ಲಿ ಎಷ್ಟು ಮಳೆಗಾಲ ಕಂಡಿತೋ. ಈಗ ಗಾಳಿ ಆಡದ ಮುಚ್ಚಳ ಇರುವ ಸ್ಟೀಲ್ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಕೋವಿಯಿಂದ ಬೇರೆ ಕಪಾಟು, ಬೀಗ, ತಂದ ತಿಂಗಳು ಪೆಟ್ಟಿಗೆ ಮೇಲೆ ಬರೆದು ಹಳತನ್ನೇ ಮೊದಲು ತೆಗೆಯುವುದು. ಎಣ್ಣೆ ಬೇಡ, ಒಣ ಬಟ್ಟೆ ಸಾಕು. ಆರು ತೋಟೆಗೆ 900 ರೂಪಾಯಿ, ತುಂಬಿಸಿ ಉಳಿಸ್ಬಹುದು ಅಂದುಕೊಂಡ 1500ರ ಅರ್ಧಕ್ಕಿಂತ ಹೆಚ್ಚು ಇಲ್ಲೇ ಸಿಕ್ಕಿತು, ಡಬ್ಬದ ಖರ್ಚಿನಲ್ಲಿ.

ಟಕ್ ಅಂದು ಹೊಡೆಯದೆ ಇದ್ದ್ರೆ ಕೂಡ್ಲೇ ಕೋವಿ ಬಿಚ್ಚಬಾರ್ದು ಅನ್ನುವುದನ್ನೂ ಹೇಳ್ಬೇಕು. ಕೆಲವೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ತದೆ, ನಳಿಗೆ ಜನ ಇಲ್ಲದ ಕಡೆ ನೆಲಕ್ಕೆ ತೋರಿಸಿ ಅರ್ಧ ನಿಮಿಷಕ್ಕಿಂತ ಹೆಚ್ಚೇ ಕಾಯ್ಬೇಕು. ಹೊಡೆಯದ ತೋಟೆಯನ್ನು ಬಿಚ್ಚಿ ನೋಡುವುದು, ಒಲೆಗೆ ಹಾಕುವುದು, ಬಾವಿಗೆ ಹಾಕುವುದು ಎಲ್ಲ ಬೇಡ. ರೈಗಳು ಸ್ಟೇಷನ್ನಿನಲ್ಲಿ ಕೇಳಿ, ಲೆಕ್ಕ ಬರೆಸಿ ಅಲ್ಲೇ ಒಪ್ಪಿಸಿದ್ರು.

ಸದ್ದಿಗೆ ಹೊಡೆದ ಹನ್ನೊಂದರ ಕಥೆ ಇನ್ನೂ ಸುಲಭ. ಹಂದಿಗೆ ಸದ್ದು ಸದ್ದೇ, 150 ರೂಪಾಯಿಯ ತೋಟೆಯದ್ದಾದ್ರೂ ಒಂದೇ, ಅಂಗಡಿಯ ಪಟಾಕಿಯದ್ದಾದ್ರೂ ಒಂದೇ, ಮತ್ತೆ ಎರಡಕ್ಕೂ ಅದು ಕೆಲವೇ ದಿನದಲ್ಲಿ ಒಗ್ಗಿಕೊಳ್ತದೆ. ಮೇಲಕ್ಕೆ ಹೊಡೆದ ಚರೆ ಎಲ್ಲಿ ಬೀಳ್ತದೆ ಅಂತ ಯಾರಿಗೆ ಗೊತ್ತು, ಗುಡ್ಡದ ಕೆಳಗೆ ಮನೆಗಳು ಉಂಟು. ಹಂದಿ ಬರುವ ಎರಡು ಬದಿಗೆ ಮಾತ್ರ ರೈಗಳು ಸೋಲಾರ್ ಬೇಲಿ ಹಾಕಿಸಿದ್ರು, ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲೆ ಇರದ ಹಾಗೆ, ಯಾಕಂದ್ರೆ ಹಂದಿ ಹಾರುವುದಕ್ಕಿಂತ ಮೂತಿ ಹಾಕಿ ನುಗ್ಗುವುದೇ ಹೆಚ್ಚು. ಮಳೆಗಾಲದಲ್ಲಿ ಹುಲ್ಲು ತಂತಿಗೆ ತಾಗಿದ್ರೆ ಕರೆಂಟು ಅಲ್ಲೇ ಭೂಮಿಗೆ ಇಳಿದು ಬೇಲಿ ಸಪ್ಪೆ ಆಗ್ತದೆ, ಹುಲ್ಲು ತೆಗೆಯುವ ಕೆಲಸ ಬಿಡುವ ಹಾಗಿಲ್ಲ. ಮನೆ ಲೈನಿನಿಂದ ಸೀದಾ ಕರೆಂಟು ಕೊಡುವವರಿಗೆ ಕೈ ಮುಗಿದು ಹೇಳ್ತೇನೆ, ಅದು ಮನುಷ್ಯರನ್ನು ಕೊಲ್ತದೆ, ಕೊಂದಿದೆ.

ಇನ್ನು ಆ ಮೂರು ಈಡಿನ ವಿಷಯ, ನನಗೆ ಸಿಟ್ಟು ಇರುವುದು ಇಲ್ಲಿ. ಬೆಳೆ ರಕ್ಷಣೆಗೆ ಅಂತ ಕೋವಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿಗೆ ಹೊಡೆಯುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಉಂಟು. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಂತ ಅಧಿಕಾರ ಕೊಟ್ಟಿತು, ಬೆಳೆ ಹಾಳು ಮಾಡುವ ಹಂದಿಯನ್ನು ಲೈಸೆನ್ಸ್ ಇರುವವರಿಂದ ಹೊಡೆಸ್ಲಿಕ್ಕೆ ಅವರು ಆರ್ಡರ್ ಮಾಡ್ಬಹುದು, ಆಮೇಲೆ ಅವಧಿ ಮುಂದೆ ಹಾಕ್ತಾ ಬಂದಿದ್ದಾರೆ. ವಿಷ, ಸ್ಫೋಟಕ, ಕರೆಂಟು ಯಾವುದೂ ಕೂಡದು, ಸತ್ತ ಹಂದಿಯನ್ನು ಕ್ರಮ ಪ್ರಕಾರ ಹೂಳ್ಬೇಕು, ತಿನ್ನುವ ಹಾಗಿಲ್ಲ. ಹಂದಿಯನ್ನು ಉಪದ್ರವಿ ಪ್ರಾಣಿ ಅಂತ ಘೋಷಿಸಿ ಅಂತ ರಾಜ್ಯ ಕೇಳಿದ್ದಕ್ಕೆ ಕೇಂದ್ರ ಒಪ್ಪಲಿಲ್ಲ. ಸರಿ, ಇರುವ ವ್ಯವಸ್ಥೆಯಲ್ಲೇ ಅರ್ಜಿ ಹಾಕುವಾ ಅಂದ್ರೆ, ಅರ್ಜಿ ಹೋಗಿ ಆರ್ಡರ್ ಬಂದು ಕೋವಿಯವರು ಬರುವಷ್ಟರಲ್ಲಿ ಹಂದಿ ಮರಗೆಣಸಿನ ಸಾಲು ಮುಗಿಸಿ ಪಕ್ಕದವರ ಬಾಳೆಗೆ ಹೋಗಿರ್ತದೆ. ಇಲೆಕ್ಷನ್ ಬಂದ್ರೆ ಕೋವಿ ಸ್ಟೇಷನ್ನಿಗೆ ಡೆಪಾಸಿಟ್, ಹಂದಿಗೆ ಇಲೆಕ್ಷನ್ ಇಲ್ಲ. ತೋಟೆ ತರ್ಲಿಕ್ಕೆ ಮಂಗಳೂರು ಹತ್ತಿರ, ಆದ್ರೆ ರೈಗಳ ಲೈಸೆನ್ಸಿನ ಏರಿಯಾ ಕೇರಳ ಮಾತ್ರ, ತಲಪಾಡಿ ಗಡಿ ದಾಟುವ ಹಾಗಿಲ್ಲ, ಆದ್ದರಿಂದ ತೆಂಕು ಕಡೆ ಹೋಗಿ ತರ್ಬೇಕು, ಒಂದು ಇಡೀ ದಿನ, ಬಸ್ಸು ಊಟ ಸೇರಿದ್ರೆ ಹತ್ತು ತೋಟೆ ತಂದವನಿಗೆ ಒಂದೊಂದಕ್ಕೆ ಎಷ್ಟು ಬಿತ್ತು ಲೆಕ್ಕ ಹಾಕಿ. ಜನ ತುಂಬಿಸಿದ ತೋಟೆಯ ಕಡೆ ನೋಡುವುದು ಇದರಿಂದ. ದುರಾಸೆಯಿಂದ ಅಲ್ಲ, ಸುಸ್ತಾಗಿ.

ಇದಕ್ಕೆ ನಾವು ಮಾಡಿದ್ದು ಹೀಗೆ. ವರ್ಷದಲ್ಲಿ ಒಂದೇ ಸಲ ಹೋಗಿ ಅಗತ್ಯ ಇದ್ದಷ್ಟು ತೋಟೆ ತರುವುದು, ಲೈಸೆನ್ಸಿನಲ್ಲಿ ಬರೆದ ಸಂಖ್ಯೆಯ ಒಳಗೆ, ನೆರೆಯ ಇನ್ನಿಬ್ಬರು ಲೈಸೆನ್ಸಿನವರೂ ಅದೇ ದಿನ ಒಟ್ಟಿಗೆ ಹೋಗುವುದು, ತೋಟೆ ಮಾತ್ರ ಅವರವರ ಪುಸ್ತಕದಲ್ಲೇ ಬರೆಸಿ ಅವರವರೇ ತರುವುದು, ಒಬ್ಬರದ್ದು ಇನ್ನೊಬ್ಬರಿಗೆ ಸಾಲ ಕೊಡುವ ಹಾಗೆ ಇಲ್ಲ. ಹಂದಿ ಬಂದ ಮರುದಿನವೇ ಹಾಳಾದ ಜಾಗದ ಫೋಟೋ, ತಾರೀಕು, ಎಷ್ಟು ಗಿಡ ಅಂತ ಬರೆದಿಟ್ಟು ಅರ್ಜಿಗೆ ಅಂಟಿಸುವುದು. ಅರ್ಜಿ ಕನ್ನಡದಲ್ಲೇ, ಗಡಿನಾಡಿನ ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕು ಉಂಟು, ಬಿಟ್ಟು ಕೊಡ್ಬಾರ್ದು.

ಈ ವರ್ಷದ ಕ್ಯಾಲೆಂಡರಿನಲ್ಲಿ ಇಷ್ಟರವರೆಗೆ 4 ಈಡು, ಹೊಡೆಯದ ತೋಟೆ ಒಂದೂ ಇಲ್ಲ. ಖಾಲಿ ಕೇಸು ಕೇಳಿಕೊಂಡು ಬಂದವನಿಗೆ ರೈಗಳು ಬೇಡ ಅಂದು ಕಳಿಸಿದ್ರಂತೆ. ಅಳಿಯ ಕ್ರಿಸ್‌ಮಸ್ ರಜೆಗೆ ಬರ್ತಾನೆ, ಪ್ರೆಸ್ಸಿನ ಬದಲು ಒಳ್ಳೆಯ ತಲೆಗೆ ಕಟ್ಟುವ ಟಾರ್ಚು, ಕಿವಿಗೆ ಹಾಕುವ ಮಫ್ ತರ್ಲಿಕ್ಕೆ ಹೇಳಿದ್ದಾರೆ. ಲೈಸೆನ್ಸ್ ಈಗ ಐದು ವರ್ಷಕ್ಕೆ ರಿನ್ಯೂ ಆಗ್ತದೆ, ಅದರ ಕಾಗದ ವಿದ್ಯಾನಗರದ ಕಲೆಕ್ಟರೇಟಿಗೆ ಕೊಟ್ಟಾಗಿದೆ, ಏರಿಯಾದಲ್ಲಿ ಕರ್ನಾಟಕವನ್ನೂ ಸೇರಿಸಿ ಕೊಡಿ ಅಂತ ಕಾರಣ ಬರೆದು ಒಂದು ಪುಟ ಬೇರೆ ಇಟ್ಟಿದ್ದೇವೆ, ಉತ್ತರ ಇನ್ನೂ ಬರ್ಬೇಕಷ್ಟೇ.